ಹಂಪ್ಸಿನ ಎದುರು ಗಾದ್ರಪ್ಪನ ಮನೆ

ಗಾದ್ರಪ್ಪ ಹೋದ ತಿಂಗಳು ತೀರಿಕೊಂಡ. ಅವನ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ. ಅವನು ಚುನಾವಣೆಗೆ ನಿಂತವನಲ್ಲ, ಊರಿಗೆ ಏನೂ ಕಟ್ಟಿಸಿಕೊಟ್ಟವನಲ್ಲ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ, ಮಿಲ್ಲು ಮುಚ್ಚಿದ ಮೇಲೆ ಊರಿಗೆ ಬಂದು ಹೆಂಡತಿಯ ಜೊತೆ ಬಾಳಿದ. ಸರ್ಕಾರದಿಂದ ಅವನು ಕೇಳಿದ್ದು ಒಂದೇ. ತನ್ನ ಮನೆಯೊಳಗೆ ಹೆಂಡತಿ ಆಡಿದ ಮಾತು ತನಗೆ ಕೇಳಿಸಬೇಕು ಎಂದು. ಅದು ಸಿಗಲಿಲ್ಲ.

ನಮ್ಮೂರು ಬಳ್ಳಾರಿ ರಸ್ತೆಯ ಮೇಲಿದೆ. ಚಳ್ಳಕೆರೆಯಿಂದ ಹೊರಟು ತಳಕು ದಾಟಿದ ಮೇಲೆ, ಮೊಳಕಾಲ್ಮೂರು ತಾಲ್ಲೂಕು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಸಿಗುತ್ತದೆ. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಶೇಂಗಾ ಹೊಲ. ಎಂಬತ್ತೆಂಟರಲ್ಲಿ ಪಂಚಾಯ್ತಿಯವರು ನಿವೇಶನ ಹಂಚಿದಾಗ ಗಾದ್ರಪ್ಪನಿಗೆ ಊರೊಳಗಿನದೂ ಸಿಗುತ್ತಿತ್ತು. ರಸ್ತೆ ಬದಿಯದೇ ಬೇಕೆಂದು ಹಟ ಹಿಡಿದವಳು ಅವನ ಹೆಂಡತಿ ಬೋರಕ್ಕ. ಆಗ ದಿನಕ್ಕೆ ಬರುತ್ತಿದ್ದುದು ಆರು ಬಸ್ಸು. ಗಂಡ ಭಾನುವಾರ ಬೆಳಿಗ್ಗೆ ಚಳ್ಳಕೆರೆ ಬಸ್ಸಿನಿಂದ ಇಳಿಯುವುದು ಒಲೆಯ ಮುಂದೆ ಕೂತಲ್ಲಿಂದಲೇ ಕಾಣಬೇಕೆಂದು ಅವಳ ಆಸೆ. ಗುಡ್ಡದಿಂದ ಗೋಡೆಗೆ ಕಲ್ಲು ಹೊತ್ತವಳು ಅವಳು, ಚಾವಣಿಯ ಮಾಳಿಗೆಗೆ ಮಣ್ಣು ತುಳಿದವಳೂ ಅವಳು. ಗಾದ್ರಪ್ಪ ವಾರಕ್ಕೊಂದು ದಿನ ಬಂದು, ಎದ್ದಿದ್ದ ಗೋಡೆ ನೋಡಿ ಹೊಗಳಿ ಹೋಗುತ್ತಿದ್ದ. ಅದಕ್ಕೇ ಅವನು ಕೊನೆಯವರೆಗೂ ಆ ಮನೆಯನ್ನು "ಬೋರಕ್ಕನ ಮನಿ" ಎನ್ನುತ್ತಿದ್ದ. ಒಂದು ಪಡಸಾಲೆ, ಒಂದು ಅಡುಗೆಮನೆ. ಹಿಂದಕ್ಕೆ ಬೆಳೆಸೋಣವೆಂದರೆ ಬಂಡೆ.

ಮಿಲ್ಲಿನಲ್ಲಿ ಅವನದು ಎಣ್ಣೆ ಹಿಂಡುವ ಯಂತ್ರದ ಕೆಲಸ. ಒಂದು ಸಲ ಅವನನ್ನು ನೋಡಲು ಹೋಗಿದ್ದೆ. ಒಳಗೆ ಕಾಲಿಟ್ಟರೆ ಎದೆಯೇ ಅದುರುತ್ತಿತ್ತು. ಅಲ್ಲಿ ಯಾರೂ ಬಾಯಿಂದ ಮಾತಾಡುತ್ತಿರಲಿಲ್ಲ. ಎರಡು ಬೆರಳು ತುಟಿಗೆ ತಾಗಿಸಿದರೆ ಬೀಡಿ. ತಲೆ ಮೇಲೆ ಮುಷ್ಟಿ ಇಟ್ಟರೆ ಸಾಹುಕಾರ ಬಂದ. ಗಂಟಲ ಮೇಲೆ ಬೆರಳು ಎಳೆದರೆ ನೀರು. ಅಂಗೈ ಮಗುಚಿದರೆ ಯಂತ್ರ ನಿಲ್ಲಿಸು. ಇಪ್ಪತ್ತು ಜನ ದಿನವಿಡೀ ಕೈಯಲ್ಲೇ ಜಗಳವಾಡಿ, ಕೈಯಲ್ಲೇ ತಮಾಷೆ ಮಾಡುತ್ತಿದ್ದರು. ಈ ಅಭ್ಯಾಸ ಮನೆಗೂ ಬರುತ್ತಿತ್ತು. ಭಾನುವಾರ ಊಟಕ್ಕೆ ಕೂತವನು ಗಂಟಲ ಮೇಲೆ ಬೆರಳೆಳೆದರೆ ಬೋರಕ್ಕ ಚೆಂಬನ್ನು ಕುಕ್ಕಿ, "ಬಾಯಿ ಐತಲ್ಲ, ಕೇಳು. ಮೂಗನ್ನ ಕಟ್ಕಂಡಂಗಾತು ನನ್ ಬಾಳು" ಎನ್ನುತ್ತಿದ್ದಳು.

ತೊಂಬತ್ತಾರರಲ್ಲಿ ಮಿಲ್ಲು ಮುಚ್ಚಿತು. ಅವನು ಟ್ರಂಕು, ಹಾಸಿಗೆ ತಗೊಂಡು ಊರಿಗೆ ಬಂದ. ನಾಲ್ಕು ಕುರಿ ಸಾಕಿಕೊಂಡು ಕೂಲಿಗೂ ಹೋಗುತ್ತಿದ್ದ. ನಾನು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವನು, ಏಳನೇ ತರಗತಿಯವರೆಗೆ ಅವನ ಪಕ್ಕ ಕೂತು ಓದಿದವನು. ಬಂದು ಎರಡು ತಿಂಗಳಾದ ಮೇಲೆ ಗ್ರಂಥಾಲಯದ ಬಾಗಿಲಲ್ಲಿ ನಿಂತು ಹೇಳಿದ:

"ಲೇ ಪಾಲಯ್ಯ, ಕಿವಿಯಾಗಿಂದ ಮಿಲ್ಲು ಹೋತು ಕಣಲೇ. ಇವತ್ತು ಬೋರಕ್ಕ ಮೊರದಾಗೆ ಅಕ್ಕಿ ಕೇರಿದ್ದು ಕೇಳಿಸ್ತು."

ಹಾಗೆ ಏಳು ವರ್ಷ ಸುಖವಾಗಿದ್ದರು. ಮಗಳು ಸುನಿತಾಳನ್ನು ಮೊಳಕಾಲ್ಮೂರಿಗೆ ಕೊಟ್ಟರು. ಗಂಡ ಹೆಂಡತಿ ಜಗಲಿಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಬೋರಕ್ಕ ಮಾತುಗಾರ್ತಿ, ಗಾದ್ರಪ್ಪ ಕೇಳುವವನು.

ಎರಡು ಸಾವಿರದ ಮೂರರಲ್ಲಿ ಅದಿರು ಲಾರಿಗಳು ಶುರುವಾದವು. ಮೊದಲು ಹತ್ತು, ಇಪ್ಪತ್ತು. ವರ್ಷ ತುಂಬುವುದರೊಳಗೆ ಸಾಲು ಕಡಿಯದಂತಾಯಿತು. ಕೆಂಪು ದೂಳು ಬೇವಿನ ಮರದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಕುರಿಗಳ ಬೆನ್ನ ಮೇಲೆ ಕೂತಿತು. ದೂಳಿಗೆ ಪರದೆ ಕಟ್ಟಬಹುದು, ಒರೆಸಬಹುದು. ಶಬ್ದಕ್ಕೆ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.

ಮರುವರ್ಷ ಮೇವು ಹೊತ್ತು ರಸ್ತೆ ದಾಟುತ್ತಿದ್ದ ಉಚ್ಚಂಗೆಮ್ಮನ ಮೇಲೆ ಲಾರಿ ಹರಿಯಿತು. ಊರಿಗೆ ಊರೇ ರಸ್ತೆಗಿಳಿಯಿತು. ಹಂಪ್ಸು ಹಾಕುವವರೆಗೆ ಏಳುವುದಿಲ್ಲವೆಂದು ಎಲ್ಲರಿಗಿಂತ ಮುಂದೆ ಕೂತವನು ಗಾದ್ರಪ್ಪ. ಮನವಿ ಬರೆದವನು ನಾನು. ಕೂತದ್ದು ಅವನ ಮನೆಯ ಎದುರಿಗೇ, ಅಲ್ಲಿ ಬೇವಿನ ನೆರಳಿತ್ತು. ಬಂದ ಅಧಿಕಾರಿ "ಎಲ್ಲಿ ಹಾಕಬೇಕು?" ಎಂದಾಗ ಗಾದ್ರಪ್ಪ ಕೂತಲ್ಲಿಂದಲೇ ನೆಲಕ್ಕೆ ಅಂಗೈ ಬಡಿದು "ಇಲ್ಲೇ" ಎಂದ. ನಾಲ್ಕನೇ ದಿನ ಅಲ್ಲೇ ಹಾಕಿದರು.

ಹಂಪ್ಸಿನಿಂದ ಜೀವ ಉಳಿದದ್ದು ನಿಜ. ಆಮೇಲೆ ನಮ್ಮೂರಲ್ಲಿ ಯಾರೂ ಲಾರಿಗೆ ಸಿಕ್ಕಿ ಸಾಯಲಿಲ್ಲ. ಆದರೆ ಅದುವರೆಗೆ ಬರೀ ಹಾದುಹೋಗುತ್ತಿದ್ದ ಲಾರಿಗಳು ಈಗ ಗಾದ್ರಪ್ಪನ ಬಾಗಿಲಿಗೆ ಬಂದು ಬ್ರೇಕು ಹಾಕಿ ಕಿರುಚುತ್ತಿದ್ದವು. ಮುಂದಿನ ಗಾಲಿ ಹತ್ತಿ ಇಳಿಯುವುದು, ಹಿಂದಿನ ಗಾಲಿ ಹತ್ತಿ ಇಳಿಯುವುದು, ಖಾಲಿ ಲಾರಿಯಾದರೆ ಹಿಂದಿನ ಕಬ್ಬಿಣದ ಬಾಗಿಲು ಧಡಾರನೆ ಬಡಿಯುವುದು, ಗೇರು ಬದಲಿಸಿ ಗುಟುರು ಹಾಕುತ್ತ ಎಳೆಯುವುದು. ಅದು ಮುಗಿಯುವ ಮೊದಲೇ ಹಿಂದಿನವನ ಹಾರನ್ನು. ಮನೆಯೊಳಗೆ ಕೂತರೆ ಗೋಡೆಯ ಮೇಲಿನ ದೇವರ ಪಟಗಳು ತಟತಟನೆ ಬಡಿದುಕೊಳ್ಳುತ್ತಿದ್ದವು.

ಗಾದ್ರಪ್ಪ ಮೊದಲು ತನಗೆ ತಿಳಿದ ದಾರಿ ಹಿಡಿದ. ಹಂಪ್ಸಿನ ಪಕ್ಕ ನಿಂತು, ಹಾರನ್ನು ಹೊಡೆಯಬೇಡಿ ಎಂದು ಡ್ರೈವರುಗಳಿಗೆ ಅಂಗೈ ಮಗುಚಿ ತೋರಿಸುತ್ತಿದ್ದ. ಆಂಧ್ರದ ಒಬ್ಬ ಡ್ರೈವರು ತಲೆ ಹೊರಹಾಕಿ, "ಏಂ ಪೆದ್ದಾಯ್ನಾ, ಪೋಲೀಸ್ ಉದ್ಯೋಗಂ ದೊರಿಕಿಂದಾ?" ಎಂದು ನಕ್ಕ. ಏನು ಯಜಮಾನ, ಪೊಲೀಸ್ ಕೆಲಸ ಸಿಕ್ಕಿತಾ ಎಂದು. ಜೊತೆಗೆ ಉದ್ದಕ್ಕೆ ಒಂದು ಹಾರನ್ನು ಹೊಡೆದು ಹೋದ.

ಹಂಪ್ಸನ್ನು ಇನ್ನೂರು ಅಡಿ ಆಚೆಗಾದರೂ ಸರಿಸಲು ಕೇಳೋಣವೆಂದು ನಾವಿಬ್ಬರೂ ಪಂಚಾಯ್ತಿಗೆ ಹೋದೆವು. ಕಟ್ಟೆಯ ಮೇಲೆ ಬೊಮ್ಮಲಿಂಗಪ್ಪ ಕೂತಿದ್ದ, ಸತ್ತ ಉಚ್ಚಂಗೆಮ್ಮನ ಗಂಡ.

"ಅಂದ್ರೆ ತೆಗ್ಸಿ ಅಂತೀಯಾ ಗಾದ್ರಣ್ಣ?"

"ತೆಗ್ಸಿ ಅಲ್ಲಪ್ಪ. ಸೊಲ್ಪ ಆಕಡಿಕೆ..."

"ಆಕಡಿಕೆ ಹಾಕಿದ್ರೆ ದಾಟೋ ಜಾಗದಾಗೆ ಮತ್ತೆ ಜೋರಾಗಿ ಬರ್ತಾರೆ. ನಿಂಗೆ ಕಿವಿ ನೋವು. ನಂಗೆ ಏನು ಹೋಗೈತೆ ಅಂತ ನಿಂಗೆ ಗೊತ್ತೈತೆ."

ಗಾದ್ರಪ್ಪ ಒಳಗೆ ಹೋಗಲೇ ಇಲ್ಲ. ತಿರುಗಿ ಬರುವಾಗ ನನಗೆ ಹೇಳಿದ: "ಅವ್ನು ಹೇಳಿದ್ದು ತಪ್ಪಲ್ಲ ಕಣಲೇ. ಜಾಗ ತೋರ್ಸಿದ್ದು ನಾನೇ." ಹಂಪ್ಸಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಎರಡು ಸಾವಿರದ ಐದರ ಯುಗಾದಿ ಕಳೆದ ಮೇಲೆ ಬೋರಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಬಾಯಿ ಒಂದು ಕಡೆ ವಾಲಿತು. ಚಳ್ಳಕೆರೆ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟು, ಮಾತು ನಿಧಾನವಾಗಿ ಬರಬಹುದು, ಮಾತಾಡಿಸುತ್ತಿರಿ ಎಂದು ಹೇಳಿ ಕಳಿಸಿದರು. ಮಲಗಿಸಲು ಪಡಸಾಲೆ ಬಿಟ್ಟರೆ ಜಾಗವಿರಲಿಲ್ಲ. ಬಾಗಿಲಿನಿಂದ ಎಂಟು ಅಡಿಗೆ ಮಂಚ, ಬಾಗಿಲಿನಾಚೆ ಹತ್ತು ಅಡಿಗೆ ಹಂಪ್ಸು.

ಅವಳ ದನಿ ಮೊದಲಿನಂತಿರಲಿಲ್ಲ. ಎಳೆಯೆಳೆಯಾಗಿ, ಉಸಿರಿಗಿಂತ ತುಸು ಹೆಚ್ಚಿಗೆ ಬರುತ್ತಿತ್ತು. ಗಾದ್ರಪ್ಪ ಬಗ್ಗಿ, "ಏನು? ಏನಂದೆ?" ಎನ್ನುವುದರೊಳಗೆ ಒಂದು ಲಾರಿ ಹತ್ತಿ ಇಳಿಯುತ್ತಿತ್ತು. ಮತ್ತೆ ಕೇಳಿದರೆ ಇನ್ನೊಂದು. ಅವಳಿಗೆ ಸುಸ್ತು, ಇವನಿಗೆ ಸಂಕಟ. ಆಗ ಅವನಿಗೆ ಮಿಲ್ಲು ನೆನಪಾಯಿತು. ನೆಟ್ಟಗಿದ್ದ ಎಡಗೈಯಲ್ಲಿ ಅವಳಿಗೆ ಮಿಲ್ಲಿನ ಸನ್ನೆಗಳನ್ನು ಕಲಿಸಿದ. ಗಂಟಲ ಮೇಲೆ ಬೆರಳು, ನೀರು. ಅಂಗೈ ಮಗುಚಿದರೆ ಮಗ್ಗಲು ಹೊರಳಿಸು. ಹೊಟ್ಟೆಯ ಮೇಲೆ ಕೈ, ಹಸಿವು. ಕಿರುಬೆರಳು, ಹೊರಕ್ಕೆ. ಒಂದು ತಿಂಗಳಲ್ಲಿ ಅವಳು ಚೆನ್ನಾಗಿ ಕಲಿತಳು. ನನಗೂ ತೋರಿಸಿ ಖುಷಿಪಟ್ಟ. "ನೋಡಲೇ, ಮಿಲ್ಲು ಕೊನಿಗೂ ಒಂದು ಉಪ್ಕಾರ ಮಾಡ್ತು."

ನಾನೂ ಮೆಚ್ಚಿಕೊಂಡೆ. ಅದು ತಪ್ಪು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುವರ್ಷ ಪರೀಕ್ಷೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮಾತಿನ ಬಗ್ಗೆ ಕೇಳಿದರು. "ಮಾತು ಪೂರ್ತಿ ಹೋತು ಸಾರ್" ಎಂದು, ಅವಳು ಬಾಯಿ ತೆರೆಯುವ ಮೊದಲೇ, ಗಾದ್ರಪ್ಪ ಹೇಳಿದ. ಬೋರಕ್ಕ ಅವನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. ಅವಳನ್ನು ನಾನು ಹೊರಗೆ ಎತ್ತಿ ತಂದು ಆಟೋಗೆ ಕೂರಿಸಿದೆ.

ಆ ದಿನಗಳಲ್ಲೇ ನಾನು ಪತ್ರಿಕೆಯಲ್ಲಿ ಒಂದು ಲೇಖನ ಓದಿದೆ. ನಮ್ಮ ಸಂವಿಧಾನದ ಬದುಕುವ ಹಕ್ಕಿನೊಳಗೆ ಶಬ್ದದ ಕಾಟವಿಲ್ಲದೆ ಬದುಕುವುದೂ ಸೇರಿದೆ ಎಂದು ಅದರಲ್ಲಿತ್ತು. ಯುರೋಪಿನ ದೇಶಗಳು ಒಪ್ಪಿಕೊಂಡ ಮಾನವ ಹಕ್ಕುಗಳ ಪಟ್ಟಿಯಲ್ಲಿ ಮನೆಗೆ ಸಲ್ಲಬೇಕಾದ ಗೌರವ ಎಂಬ ಮಾತೇ ಇದೆಯಂತೆ. ಯಾರೂ ಹೊಸ್ತಿಲು ದಾಟಿ ಬರಬೇಕಿಲ್ಲ, ಬರೀ ಶಬ್ದ ನುಗ್ಗಿದರೂ ಆ ಗೌರವ ಕೆಟ್ಟಂತೆ ಎಂದು ಅಲ್ಲಿನ ನ್ಯಾಯಾಲಯಗಳು ಹೇಳಿವೆಯಂತೆ. ಅದನ್ನು ಗಾದ್ರಪ್ಪನಿಗೆ ಓದಿ ಹೇಳಿದೆ. ಕಿವಿಗೆ ಕೈ ಅಡ್ಡ ಹಿಡಿದು ಎರಡು ಸಲ ಓದಿಸಿಕೊಂಡ.

"ಮನಿಗೂ ಒಂದು ಮರ್ಯಾದಿ ಐತೆ ಅಂತ ಬರ್ದವ್ರಾ?"

"ಬರ್ದವ್ರೆ."

"ಅಂಗಾದ್ರೆ ಬರಿಯಲೇ ಅರ್ಜಿ."

ಒಂದೂವರೆ ವರ್ಷ ಬರೆದೆ. ರಸ್ತೆಯವರು ಪೊಲೀಸರ ಕಡೆ ತೋರಿಸಿದರು, ಪೊಲೀಸರು ಸಾರಿಗೆಯವರ ಕಡೆ. ಸಾರಿಗೆಯವರು, ಹಾರನ್ನು ಕಾನೂನಿನಲ್ಲೇ ಇದೆ ಎಂದರು. ಒಂದು ಕಚೇರಿಯ ಗುಮಾಸ್ತ ಅರ್ಜಿ ಓದಿ ಕನ್ನಡಕದ ಮೇಲಿಂದ ನೋಡಿದ. "ಎಣ್ಣೆ ಮಿಲ್ಲಿನಾಗೆ ಇಪ್ಪತ್ತೆರಡು ವರ್ಸ ಇದ್ದೆ ಅಂತ ನೀನೇ ಬರ್ಕೊಟ್ಟೀಯ. ಅಲ್ಲಿ ಇರ್ಲಿಲ್ವೇನಯ್ಯಾ ಶಬ್ದ?"

"ಇತ್ತು ಸಾರ್. ಅದಕ್ಕೆ ಸಂಬ್ಳ ಕೊಡ್ತಿದ್ರು. ಅದು ಮಿಲ್ಲು. ಇದು ಮನಿ."

ಗುಮಾಸ್ತನಿಗೆ ಅದು ತಮಾಷೆಯಾಗಿ ಕೇಳಿಸಿತೋ ಏನೋ, ಪಕ್ಕದವನಿಗೂ ಹೇಳಿ ನಕ್ಕ.

ಕೊನೆಗೆ ಶಬ್ದ ಅಳೆಯುವ ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಎರಡು ಸಾವಿರದ ಏಳು, ನವೆಂಬರ್. ಗಾದ್ರಪ್ಪ ಒಗೆದ ಪಂಚೆ ಉಟ್ಟು ಬೆಳಿಗ್ಗೆ ಎಂಟಕ್ಕೇ ಜಗಲಿಯ ಮೇಲೆ ಕೂತ. ಹನ್ನೊಂದಕ್ಕೆ ಬಿಳಿ ಜೀಪು ಬಂದು ಹಂಪ್ಸಿನ ಪಕ್ಕವೇ ನಿಂತಿತು. ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಸರ್ಕಾರದ ಹೆಸರು. ಇಳಿದವರು ಜಯದೇವಪ್ಪ ಎಂಬ ಅಧಿಕಾರಿ, ಮೃದು ಮಾತಿನ ಮನುಷ್ಯ. ಬಾಗಿಲ ಮುಂದೆ ಮೂರು ಕಾಲಿನ ಸ್ಟ್ಯಾಂಡು ಇಟ್ಟು ಅದರ ಮೇಲೆ ಯಂತ್ರ ಕೂರಿಸಿದರು. "ಅರ್ಧ ಗಂಟೆ ಅಳೀತೀನಿ. ಇನ್ನೂ ಎರಡು ಕಡೆ ಹೋಗಬೇಕು" ಎಂದರು.

ಯಂತ್ರ ಕೂರಿಸುತ್ತಿದ್ದಾಗಲೇ ಎರಡು ಲಾರಿ ದಾಟಿದ್ದವು, ಆ ಕಡೆಗೊಂದು, ಈ ಕಡೆಗೊಂದು. ಮೂರನೆಯದು ಬರಲಿಲ್ಲ.

ನಾವು ಕಾದೆವು. ಆ ಕಡೆಯಿಂದಲೂ ಇಲ್ಲ, ಈ ಕಡೆಯಿಂದಲೂ ಇಲ್ಲ. ರಸ್ತೆ ಬರಿದಾಗಿ ಬಿಸಿಲಿಗೆ ಮಿಣುಗುತ್ತಿತ್ತು. ಬೇವಿನ ಮರದಲ್ಲಿ ಯಾವುದೋ ಹಕ್ಕಿ ಕೂಗಿತು. ಐದು ನಿಮಿಷ ಕಳೆದ ಮೇಲೆ ನನಗೆ ಹೊಳೆಯಿತು. ತುಂಬಿ ಬರುವ ಲಾರಿಗಳಲ್ಲಿ ಮಿತಿ ಮೀರಿದ ಅದಿರು, ಖಾಲಿಯವಕ್ಕೆ ಸರಿಯಾದ ಕಾಗದಪತ್ರವಿಲ್ಲ. ದಾಟಿಹೋದ ಆ ಇಬ್ಬರು ಸರ್ಕಾರಿ ಜೀಪು ಕಂಡು, ತಪಾಸಣೆ ಎಂದುಕೊಂಡು, ಎದುರಿಗೆ ಬರುವವರಿಗೆ ಲೈಟು ಮಿಣುಕಿಸಿ ಹೇಳಿದ್ದರು. ಎರಡೂ ಕಡೆ, ಊರಿನಾಚೆ, ಲಾರಿಗಳು ಸಾಲಾಗಿ ನಿಂತುಬಿಟ್ಟಿದ್ದವು.

ಓಡಿಹೋಗಿ ಜಯದೇವಪ್ಪನವರಿಗೆ ಹೇಳಿದೆ. "ಸಾರ್, ಜೀಪನ್ನ ಶಾಲೆಯ ಹಿಂದೆ ನಿಲ್ಲಿಸಿ. ಜೀಪಿಗೆ ಹೆದರಿ ನಿಂತವ್ರೆ."

ಅವರು ಗಡಿಯಾರ ನೋಡಿದರು. "ಶುರು ಮಾಡಿದ ಅಳತೆ ಮಧ್ಯೆ ನಿಲ್ಲಿಸೋ ಹಾಗಿಲ್ಲ. ಒಂದು ಕೆಲಸ ಮಾಡಿ. ಅರ್ಜಿ ಕೊಟ್ಟವರೇ ಬಂದು, ಈ ದಿನ ಸಂಚಾರ ಮಾಮೂಲಿನಂತಿಲ್ಲ ಅಂತ ಬರೆದು ಸಹಿ ಹಾಕಿಕೊಡಲಿ. ನಾನು ಹೋಗೋದರೊಳಗೆ ಕೊಟ್ಟರೆ, ಇನ್ನೊಂದು ದಿನ ಜೀಪಿಲ್ಲದೆ ಬರ್ತೀನಿ. ನೀವು ಹಾಕಿದರೆ ನಡೆಯೋದಿಲ್ಲ."

ಜಗಲಿಯ ಮೇಲೆ ಗಾದ್ರಪ್ಪ ಇರಲಿಲ್ಲ. ಒಳಗೆ ಹೋದೆ. ಅವನು ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಬೋರಕ್ಕ ಮಾತಾಡುತ್ತಿದ್ದಳು.

ನಾನು ಹೊಸ್ತಿಲಲ್ಲೇ ನಿಂತೆ. ದನಿ ಸಣ್ಣದು, ನಾಲಿಗೆ ತೊಡರುತ್ತಿತ್ತು. ಆದರೂ ಒಂದೊಂದು ಮಾತೂ ತಿಳಿಯುತ್ತಿತ್ತು.

"...ಆ ಮೂಲ್ಯಾಗೆ ಮಾಳಿಗೆ ಮಣ್ಣು ಉದುರ್ತೈತೆ. ಮೂರು ತಿಂಗ್ಳಾತು ಹೇಳ್ತಿದೀನಿ."

ಗಾದ್ರಪ್ಪ ತಲೆಯೆತ್ತಿ ನೋಡಿದ. ನಾನೂ ನೋಡಿದೆ. ಮೂಲೆಯ ತೊಲೆಯ ಪಕ್ಕ ಮಣ್ಣು ಸಡಿಲವಾಗಿ, ಕೆಳಗೆ ಚಿಕ್ಕ ಗುಡ್ಡೆ ಬಿದ್ದಿತ್ತು.

"ನಿಂಗೆ ಮಾತು ಬರ್ತಿತ್ತಾ?" ಎಂದ.

"ಆವತ್ತಿಂದ ಆಡ್ತಾನೇ ಇದೀನಿ. ನೀನು ಕೈ ನೋಡ್ತಿದ್ದೆ. ಬಾಯಿ ನೋಡ್ಲಿಲ್ಲ."

ಅವಳು ಮುಂದುವರಿಸಿದಳು. ಸುನಿತಾಗೆ ಈಗ ಎಷ್ಟು ತಿಂಗಳು, ಕರಿ ಕುರಿ ಈದಿತಾ, ಕಂಬಳಿ ಒಗಿಬೇಕು ವಾಸನೆ ಬರ್ತೈತೆ, ನೀನು ಯಾಕೆ ಇಷ್ಟು ಬಡವಾದೆ. ಎರಡು ವರ್ಷದಿಂದ ಕೂಡಿಟ್ಟಿದ್ದ ಮನೆಯ ಮಾತು. ಒಂದು ಮಾತಾಡಿ, ಉಸಿರು ತಗೊಂಡು, ಮತ್ತೆ ಒಂದು ಮಾತು.

ನಾನು ಮೆಲ್ಲಗೆ ಹೇಳಿದೆ: "ಗಾದ್ರಪ್ಪ, ಒಂದು ಸಹಿ. ಎರಡು ನಿಮಿಷ ಬಂದು ಹೋಗು. ಇಲ್ಲಾಂದ್ರೆ ಅವ್ರು ಶಬ್ದ ಇಲ್ಲ ಅಂತ ಬರ್ಕಂಡು ಹೋಗ್ತಾರೆ."

ಅವನು ತಿರುಗಲಿಲ್ಲ. "ಸುಮ್ಕಿರಲೇ. ಮಾತಾಡ್ತಾ ಅವ್ಳೆ."

ಅವನ ಮೊಣಕೈ ಹಿಡಿದು ಎಬ್ಬಿಸಬಹುದಿತ್ತು. ಕಾಗದವನ್ನು ಒಳಗೇ ತಂದು ಅವನ ಕೈಗೆ ಪೆನ್ನು ಕೊಡಬಹುದಿತ್ತು. ಆಮೇಲೆ ಎಷ್ಟೋ ಸಲ ಹೀಗೆಲ್ಲ ಅಂದುಕೊಂಡಿದ್ದೇನೆ. ಆಗ ಮಾತ್ರ ಆ ಮನೆಯೊಳಗೆ ಪೆನ್ನು ತರಲು ಮನಸ್ಸು ಬರಲಿಲ್ಲ. ನಾಲ್ಕು ವರ್ಷದಲ್ಲಿ ಅದು ಮನೆಯಂತೆ ಇದ್ದದ್ದು ಅದೊಂದೇ ಹೊತ್ತು.

ಅರ್ಧ ಗಂಟೆ ಮುಗಿಯಿತು. ಜಯದೇವಪ್ಪ ಯಂತ್ರ ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಬಾಗಿಲ ಕಡೆ ಒಂದು ಸಲ ನೋಡಿ, "ಬರಲಿಲ್ವಾ?" ಎಂದು ಕೇಳಿ ಜೀಪು ಹತ್ತಿದರು. ಜೀಪು ತಿರುವು ದಾಟಿ ಹತ್ತು ನಿಮಿಷವಾಗಿರಲಿಲ್ಲ, ನಿಂತಿದ್ದ ಲಾರಿಗಳೆಲ್ಲ ಎರಡೂ ಕಡೆಯಿಂದ ಒಟ್ಟಿಗೆ ಬಂದವು. ಸಂಜೆಯವರೆಗೆ ಸಾಲು ಕರಗಲಿಲ್ಲ. ಗಾದ್ರಪ್ಪ ಹೊರಗೆ ಬಂದು ಜಗಲಿಯ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ವರದಿ ಬಂದದ್ದು ಜನವರಿಯಲ್ಲಿ. ವಾಸದ ಪ್ರದೇಶಕ್ಕೆ ಹಗಲಿನಲ್ಲಿ ಐವತ್ತೈದು ಡೆಸಿಬಲ್‌ವರೆಗೆ ಶಬ್ದ ಇರಬಹುದು, ಸ್ಥಳದಲ್ಲಿ ಕಂಡದ್ದು ಐವತ್ತೊಂದು, ಮಿತಿಯೊಳಗಿದೆ. ಕೆಳಗೆ ಇನ್ನೊಂದು ಸಾಲು: ಅಳತೆಯ ವೇಳೆ ಅರ್ಜಿದಾರರು ಸ್ಥಳದಲ್ಲಿ ಹಾಜರಿರಲಿಲ್ಲ. ಮೇಲಿನ ಕಚೇರಿಗೆ ಬರೆಯುತ್ತೇನೆಂದು ಗಾದ್ರಪ್ಪನಿಗೆ ಹೇಳಿದೆ. "ಅವ್ರು ಬರ್ದಿದ್ರಾಗೆ ಸುಳ್ಳೇನೈತೆ? ಶಬ್ದ ಇರ್ಲಿಲ್ಲ. ನಾನೂ ಇರ್ಲಿಲ್ಲ" ಎಂದ. ಆದರೂ ಬರೆದೆ. ಉತ್ತರ ಬರಲಿಲ್ಲ.

ಅವಳಿಗೆ ಮಾತು ಇದೆ ಎಂದು ತಿಳಿದ ಮೇಲೆ ಅವನ ಕಷ್ಟ ಹೆಚ್ಚಾಯಿತು. ಸನ್ನೆಗಳನ್ನು ಬಿಟ್ಟುಬಿಟ್ಟ. ಅವಳ ಬಾಯಿಗೆ ಕಿವಿ ತಾಗಿಸಿ ಗಂಟೆಗಟ್ಟಲೆ ಕೂರುತ್ತಿದ್ದ. ಮಿಲ್ಲು ಅವನ ಕಿವಿಯನ್ನು ಮೊದಲೇ ಅರ್ಧ ತಿಂದಿತ್ತು, ಉಳಿದರ್ಧವನ್ನು ಲಾರಿ ಬಿಡುತ್ತಿರಲಿಲ್ಲ. "ಕಿವಿಗೆ ಉಸಿರು ಬಿಸಿ ತಾಗ್ತೈತೆ ಕಣಲೇ, ಮಾತು ತಾಗಲ್ಲ" ಎಂದ. ಮೊಳಕಾಲ್ಮೂರಿನಲ್ಲಿ ಮಗಳ ಮನೆಗೆ ಹೋಗಿ ಇರಿ ಎಂದೆವು. ಬೋರಕ್ಕ ಎಡಗೈಯಿಂದ ಗೋಡೆ ತಟ್ಟಿ ತೋರಿಸಿದಳು. ತಾನು ಹೊತ್ತ ಕಲ್ಲು ಬಿಟ್ಟು ಹೋಗುವುದಿಲ್ಲವೆಂದು ನನಗೂ ಅರ್ಥವಾಯಿತು.

ಆಮೇಲೆ ಅವನು ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಬರುತ್ತಿದ್ದ. ಪತ್ರಿಕೆ ಮುಟ್ಟುತ್ತಿರಲಿಲ್ಲ. ಒಂದೇ ಪ್ರಶ್ನೆ. "ಎಲ್ಲಾರ ಬಂದ್ ಐತಾ? ಲಾರಿ ಮುಷ್ಕರ ಐತಾ?"

"ಇಲ್ಲ ಕಣೋ."

"ಈ ನನ್ಮಕ್ಳಿಗೆ ಒಂದು ಮುಷ್ಕರ ಮಾಡೋಕೂ ಬರಲ್ಲ" ಎಂದು ಬೈದು ಹೋಗುತ್ತಿದ್ದ. ಅಲ್ಲಿ ಕೂತವರು ನಗುತ್ತಿದ್ದರು, ಕೆಲವು ಸಲ ನಾನೂ. ಎರಡು ಸಾವಿರದ ಎಂಟರಲ್ಲಿ ಒಮ್ಮೆ ಎರಡು ದಿನ ಲಾರಿಗಳು ನಿಂತವು. ಆ ಎರಡು ದಿನ ಅವನು ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಮನೆಯಿಂದ ಹೊರಗೆ ಬರಲಿಲ್ಲ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ಈ ವರ್ಷ, ಎರಡು ಸಾವಿರದ ಒಂಬತ್ತರ ಫೆಬ್ರುವರಿಯಲ್ಲಿ, ಬೋರಕ್ಕ ಹೋದಳು. ಮಧ್ಯಾಹ್ನ ಎರಡರ ಹೊತ್ತು. ಅವನು ಕಿವಿಯನ್ನು ಅವಳ ಬಾಯಿಗೆ ಇಟ್ಟುಕೊಂಡೇ ಇದ್ದ. ಉಸಿರಿನ ಬಿಸಿ ನಿಂತಾಗ ಗೊತ್ತಾಯಿತಂತೆ. ಕೊನೆಗೆ ಏನೋ ಅಂದಳು, ಎರಡು ಮಾತು ಇರಬಹುದು, ಕೇಳಿಸಲಿಲ್ಲ ಎಂದ. ಮಣ್ಣು ಮಾಡಲು ಒಯ್ಯುವಾಗ ರಸ್ತೆ ದಾಟಬೇಕಿತ್ತು. ಬೊಮ್ಮಲಿಂಗಪ್ಪ ಹಂಪ್ಸಿನ ಮೇಲೆ ಎರಡೂ ಕೈ ಚಾಚಿ ನಿಂತು ಲಾರಿಗಳನ್ನು ತಡೆದ.

ಆಮೇಲೆ ಗಾದ್ರಪ್ಪ ಶಬ್ದದ ಬಗ್ಗೆ ಒಂದು ದಿನವೂ ದೂರಲಿಲ್ಲ. "ಈಗ ಓಡಾಡ್ಲಿ ಬಿಡು. ನಂಗೆ ಕೇಳ್ಬೇಕಾಗಿರೋದು ಏನೈತೆ?" ಎಂದ. ಮಗಳು ಬಂದು ಕರೆದಳು, ಹೋಗಲಿಲ್ಲ. ಮಾಳಿಗೆಯ ಮೂಲೆಗೆ ಹೊಸ ಮಣ್ಣು ಹಾಕಿ ಮೆತ್ತಿದ. ಒಂದು ವಾರದಲ್ಲಿ ಅದೂ ಉದುರಲು ಶುರುವಾಯಿತು.

ಹೋದ ತಿಂಗಳು ಒಂದು ಬುಧವಾರ, ಗ್ರಂಥಾಲಯ ಮುಚ್ಚಿ ಹೋಗುವಾಗ ಅವನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತೆ. ಅವನು ನನ್ನ ಕಡೆ ತಿರುಗಿ ಏನೋ ಹೇಳಿದ. ಅದೇ ಹೊತ್ತಿಗೆ ಖಾಲಿ ಲಾರಿಯೊಂದು ಹಂಪ್ಸು ಹಾರಿತು, ಅದರ ಹಿಂದೆ ಇನ್ನೊಂದು. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಉದ್ದದ ಮಾತೇ ಇತ್ತು. ಮತ್ತೆ ಹೇಳು ಎನ್ನಲು ನನಗೆ ಬೇಸರ. ಎಲ್ಲರೂ ಮಾಡುವಂತೆ ತಲೆಯಾಡಿಸಿ "ಹೂಂ" ಎಂದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ, ಸರಿ ಎಂಬಂತೆ ತಾನೂ ತಲೆಯಾಡಿಸಿ, ಎದ್ದು ಒಳಗೆ ಹೋದ. ಬೆಳಿಗ್ಗೆ ಕುರಿಗಳು ಒಂದೇ ಸಮನೆ ಅರಚುತ್ತಿದ್ದುದನ್ನು ಕೇಳಿ ಪಕ್ಕದವರು ಬಾಗಿಲು ತಳ್ಳಿ ನೋಡಿದರು. ಬೋರಕ್ಕನ ಮಂಚದ ಮೇಲೆ ಅವನು ಹೋಗಿಬಿಟ್ಟಿದ್ದ.

ಯಾವುದಕ್ಕೆ ಹೂಂ ಎಂದೆನೋ ನನಗೆ ಗೊತ್ತಿಲ್ಲ. ನನ್ನನ್ನು ಅವನು ಏನಾದರೂ ಕೇಳಿಕೊಂಡಿದ್ದರೆ, ಅದನ್ನು ಮಾಡುವುದು ಹೇಗೆಂದೂ ಗೊತ್ತಿಲ್ಲ.